ಕಾಲುವೆ ನೀರನ್ನು ನಂಬಿ ಅಡಿಕೆ ಹಾಕಿದ್ದೇವೆ, ಇನ್ನೆಷ್ಟು ವರ್ಷ ಕಾಯಬೇಕು?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. 4 ಎಕರೆ ಕೆಂಪು ಜಮೀನಿದೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ನೀರು ಇವತ್ತಲ್ಲ ನಾಳೆ ಬರುತ್ತದೆ ಎಂದು ನಂಬಿ 3 ಎಕರೆಗೆ ಅಡಿಕೆ ಹಾಕಿದೆವು. ಈಗ ಗಿಡಕ್ಕೆ ನಾಲ್ಕು ವರ್ಷ. ಇರುವುದು ಒಂದೇ ಬೋರ್. ಕೊರೆಸಿದಾಗ 2 ಇಂಚು ಇತ್ತು, ಈಗ ಒಂದೂವರೆಗೆ ಇಳಿದಿದೆ. ಹೋದ ಬೇಸಿಗೆಯಲ್ಲಿ 5,000 ಲೀಟರಿನ ಟ್ಯಾಂಕರಿಗೆ 700 ರೂಪಾಯಿ ಕೊಟ್ಟು ನೀರು ಹೊಡೆಸಿದೆ. ಸಹಕಾರ ಸಂಘದ ಸಾಲದ ಜೊತೆಗೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದ 2 ಲಕ್ಷ ಕೈಸಾಲವೂ ಇದೆ. 900 ಅಡಿಯ ಹೊಸ ಬೋರಿಗೆ ಎಲ್ಲ ಸೇರಿ 4 ಲಕ್ಷ ಆಗುತ್ತದಂತೆ. ತೋಟ ಕಡಿದು ಬೆಂಗಳೂರಿಗೆ ಹೋಗೋಣ ಎಂದರೆ ಅಪ್ಪ ಒಪ್ಪುವುದಿಲ್ಲ. 'ತಾಳಿದವನು ಬಾಳಿಯಾನು, ಮಾರಿಕಣಿವೆಯೇ ಕೋಡಿ ಬಿತ್ತು, ಕಾಲುವೆ ಬರದೇ ಇರುತ್ತದಾ' ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ನಂಬಿ ಕಾಯುವುದು ಸರಿಯೋ, ಬಿಟ್ಟು ಹೋಗುವುದು ಸರಿಯೋ? — ಹೆಸರು ಬೇಡ ಎಂದ ಓದುಗರು

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ನೀರು ಬರುತ್ತದೆಯೇ ಎಂಬುದು ಒಂದು. ಬರುವ ತನಕ ನೀವು ಬದುಕಿರುವುದು ಹೇಗೆ ಎಂಬುದು ಇನ್ನೊಂದು. ನಿಮ್ಮ ತಂದೆ ಮೊದಲನೆಯದಕ್ಕೆ ಉತ್ತರ ಹೇಳುತ್ತಿದ್ದಾರೆ, ನೀವು ಎರಡನೆಯದನ್ನು ಕೇಳುತ್ತಿದ್ದೀರಿ. ಜಗಳ ಮುಗಿಯದಿರುವುದು ಅದಕ್ಕೇ.

ಮೊದಲು ತಂದೆಯವರ ಮಾತು. ಅದು ಬರೀ ಹಟವಲ್ಲ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅದಕ್ಕೆ ಮುಖ್ಯ ಕಾರಣ ಆ ವರ್ಷದ ಮಳೆ. ಆದರೆ 2019ರಿಂದ ಬೆಟ್ಟದತಾವರೆಕೆರೆಯ ಪಂಪ್‌ಹೌಸಿನಿಂದ ಆ ಜಲಾಶಯಕ್ಕೆ ಹರಿಯುವ ವೇದಾವತಿ ಹೊಳೆಗೆ ಬಿಟ್ಟ ಭದ್ರಾ ನೀರು ತಳ ಏರಿಸಿಟ್ಟಿದ್ದೂ ನಿಜ. ಅಂದರೆ ಮೇಲ್ದಂಡೆ ಕಾಗದದ ಮೇಲಿನ ಯೋಜನೆಯಲ್ಲ, ಪಂಪು ತಿರುಗಿದೆ, ಅಜ್ಜಂಪುರದ ಸುರಂಗ ದಾಟಿ ನೀರು ಈಚೆ ಬಂದಿದೆ. 'ಎಲ್ಲಾ ಬರೀ ಓಟಿನ ಮಾತು' ಎನ್ನುವವರ ಮಾತಿಗೆ ಕಿವಿ ಕೊಡಬೇಕಿಲ್ಲ.

ಆದರೆ ಮಾರಿಕಣಿವೆಯ ಉದಾಹರಣೆಯನ್ನು ತಂದೆಯವರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಆ 89 ವರ್ಷ ಹಿರಿಯೂರು ಕಡೆಯ ರೈತರು ಕೋಡಿ ಬೀಳಲಿ ಎಂದು ಕೈಕಟ್ಟಿ ಕೂರಲಿಲ್ಲ. ಇದ್ದ ಮಟ್ಟದಲ್ಲೇ ಸಿಕ್ಕಷ್ಟು ನೀರಿಗೆ ಬೆಳೆ ಹೊಂದಿಸಿಕೊಂಡರು, ನೀರು ಬಿಡದ ವರ್ಷ ಬೇರೆ ದಾರಿ ನೋಡಿಕೊಂಡರು. ಕಾದದ್ದು ಹೌದು, ಕಾಯುತ್ತಾ ಉಂಡದ್ದೂ ಹೌದು.

ಇನ್ನು ಯೋಜನೆ ಏಕಿಷ್ಟು ತಡ? 2003ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 2,813 ಕೋಟಿ. 2008ಕ್ಕೆ 5,985 ಕೋಟಿ. ಆಮೇಲೆ 12,340 ಕೋಟಿ, ಅದೂ ದಾಟಿ 21,473 ಕೋಟಿ. ಖರ್ಚು ಹೀಗೆ ಬೆಳೆದಾಗಲೆಲ್ಲ ಹೊಸದಾಗಿ ಒಪ್ಪಿಗೆ, ಹೊಸದಾಗಿ ಹಣದ ಹುಡುಕಾಟ. 2020ರ ಡಿಸೆಂಬರಿನಲ್ಲಿ ಕೇಂದ್ರದ ತಾಂತ್ರಿಕ ಸಲಹಾ ಸಮಿತಿಯ ಒಪ್ಪಿಗೆ ಬಂತು, 2023ರ ಫೆಬ್ರುವರಿ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು, ಆ ಹಣಕ್ಕಾಗಿ ರಾಜ್ಯ ಮತ್ತೆ ಮತ್ತೆ ಕೇಳಬೇಕಾಯಿತು. ಘೋಷಣೆ, ಮಂಜೂರಾತಿ, ಬಿಡುಗಡೆ, ಟೆಂಡರು, ಇವು ನಾಲ್ಕು ಬೇರೆ ಬೇರೆ ದಿನಗಳು. ನಾವು ಘೋಷಣೆಯ ದಿನ ಸಿಹಿ ಹಂಚಿ, ಟೆಂಡರಿನ ದಿನ ಮರೆತಿರುತ್ತೇವೆ. ಇದರ ಮೇಲೆ ಭೂಸ್ವಾಧೀನ. ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರಿಗೂ ಕಡಿಮೆ ಕಾಲುವೆ ವರ್ಷಗಟ್ಟಲೆ ನಿಂತಿತ್ತು. ಕಾಲುವೆಯ ಗುಣವೇ ಹಾಗೆ, ನೂರು ಕಿಲೋಮೀಟರ್ ಮುಗಿದು ಒಂದು ಕಿಲೋಮೀಟರ್ ಉಳಿದರೂ ಕೆಳಗಿನವರಿಗೆ ಸಿಗುವುದು ಸೊನ್ನೆ. ಶೇಕಡಾ ಇಷ್ಟು ಕೆಲಸ ಮುಗಿದಿದೆ ಎಂಬ ಲೆಕ್ಕದಿಂದ ನಿಮ್ಮ ಹೊಲದ ದಿನಾಂಕ ತಿಳಿಯುವುದಿಲ್ಲ.

ಈಗ ಕಹಿ ಮಾತು. ನಾಳೆಯೇ ನೀರು ಬಂದರೂ ಅದು ನಿಮ್ಮ 3 ಎಕರೆ ಅಡಿಕೆಗೆ ಸಾಲುವ ನೀರಲ್ಲ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಆದರೆ ಲೆಕ್ಕ ಯೋಜನೆಯ ಒಳಗೇ ಇದೆ. ತುಂಗಾದಿಂದ 17.40 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಭದ್ರೆಗೆ, ಅಲ್ಲಿಂದ ಒಟ್ಟು 29.90 ಟಿಎಂಸಿ ಈಚೆಗೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳನ್ನು ಅರ್ಧ ತುಂಬಿಸಲು 6 ಟಿಎಂಸಿ. ಕೆರೆ ಪಾಲು ಕಳೆದು ಉಳಿದ 24 ಟಿಎಂಸಿಯನ್ನು 5 ಲಕ್ಷ 57 ಸಾವಿರ ಎಕರೆಗೆ ಭಾಗಿಸಿ ನೋಡಿ. ಎಕರೆಗೆ ವರ್ಷಕ್ಕೆ ಸುಮಾರು 12 ಲಕ್ಷ ಲೀಟರ್. ವಾಣಿವಿಲಾಸಕ್ಕೆ ಹೋಗುವ 2 ಟಿಎಂಸಿ, ಸೋರಿಕೆ, ಆವಿ ಇದರಲ್ಲಿ ಇನ್ನೂ ಕಳೆಯಬೇಕು. ಅದೇ 9 ಅಡಿಗೆ 9 ಅಡಿ ನೆಟ್ಟ ಅಡಿಕೆ ಎಕರೆಗೆ 540 ಗಿಡ. ಫಸಲಿನ ಮರಕ್ಕೆ ಡ್ರಿಪ್ಪಿನಲ್ಲಿ ದಿನಕ್ಕೆ 20 ಲೀಟರ್, ನಮ್ಮ ಕಡೆ ಹಾಗೆ ಕೊಡಬೇಕಾದ ದಿನಗಳು ಕಡಿಮೆಯೆಂದರೂ 200. ಒಟ್ಟು 21 ಲಕ್ಷ ಲೀಟರ್ ದಾಟುತ್ತದೆ. ಮೇಲ್ದಂಡೆ ಇರುವುದು ರಾಗಿ, ಶೇಂಗಾ, ತೊಗರಿಯಂಥ ಅರೆನೀರಾವರಿ ಬೆಳೆಗಳ ಎಣಿಕೆಗೆ. ಸರ್ಕಾರ ಮಾತಿಗೆ ತಪ್ಪಿದ್ದು ಒಂದು ಕಡೆ, ನಾವು ಕೊಡದ ಮಾತನ್ನು ಕೊಟ್ಟರೆಂದು ನಂಬಿದ್ದು ಇನ್ನೊಂದು ಕಡೆ. ಭದ್ರಾ ಬಲದಂಡೆಯ ದಾವಣಗೆರೆ, ಚನ್ನಗಿರಿ ತೋಟಗಳನ್ನು ನೋಡಿ ನಮ್ಮಲ್ಲೂ ಹಾಗೇ ಆಗುತ್ತದೆ ಎಂದುಕೊಂಡವರು ಹೊಳಲ್ಕೆರೆ, ಹೊಸದುರ್ಗದಲ್ಲಿ ನೀವೊಬ್ಬರೇ ಅಲ್ಲ.

ನಿಜವಾಗಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಹೊಲದ ಡ್ರಿಪ್ಪಿಗಿಂತ ಊರ ಕೆರೆ. ಕೆರೆಯಲ್ಲಿ ವರ್ಷಕ್ಕೆ ಆರು ತಿಂಗಳು ನೀರು ನಿಂತರೆ ಕೆಳಗಿನ ಬೋರುಗಳು ಚೇತರಿಸಿಕೊಳ್ಳುತ್ತವೆ. ನಿಮ್ಮ ಕೆರೆ ಆ 367ರ ಪಟ್ಟಿಯಲ್ಲಿದೆಯೇ, ನಿಮ್ಮ ಸರ್ವೆ ನಂಬರು ಅಚ್ಚುಕಟ್ಟಿನಲ್ಲಿದೆಯೇ, ಯಾವ ವಿತರಣಾ ಕಾಲುವೆಗೆ ಸೇರುತ್ತದೆ, ಅದರ ಟೆಂಡರು ಆಗಿದೆಯೇ, ಇವನ್ನು ಚಹಾದಂಗಡಿಯಲ್ಲಿ ಕೇಳಬೇಡಿ. ಯೋಜನೆ ನಡೆಸುತ್ತಿರುವ ವಿಶ್ವೇಶ್ವರಯ್ಯ ಜಲ ನಿಗಮದ ವಿಭಾಗ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರು, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕೆರೆಯದು ಒಂದು, ಜಮೀನಿನದು ಒಂದು ಎಂದು ಬೇರೆ ಮಾಡಿ ಹಾಕಿ. ಎಲ್ಲ ಸೇರಿಸಿ ನಾಲ್ಕು ಪುಟ ಬರೆದರೆ ವಾಪಸ್ ಬರುತ್ತದೆ. ಹಾಗೆಯೇ ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆ ಈಗಲೇ ಮಾಡಿಸಿಕೊಳ್ಳಿ. ಪರಿಹಾರವೋ ಡ್ರಿಪ್ ಸಹಾಯಧನವೋ ಬರುವ ದಿನ ಹೆಸರು ಕೂಡಿಬರದೆ ಪಾಲು ತಪ್ಪಿಸಿಕೊಂಡವರು ಬೇಕಾದಷ್ಟಿದ್ದಾರೆ.

ಇನ್ನು ಬೋರು. ಇಲ್ಲಿ ನೀವೇ ನಿಮಗೆ ಮೋಸ ಮಾಡಿಕೊಂಡಿದ್ದೀರಿ, ಗೊತ್ತಿಲ್ಲದೆ. 2 ಇಂಚು ಒಂದೂವರೆಯಾಯಿತು ಎಂದರೆ ಕಾಲು ಭಾಗ ಕಡಿಮೆಯಾಯಿತು ಎಂದು ಅನ್ನಿಸುತ್ತದೆ. ಬೋರಿನವರು ಇಂಚು ಹೇಳುವುದು 'ವಿ' ಆಕಾರದ ಕಚ್ಚಿನ ತಗಡಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ನೋಡಿ. ಅದರಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆಗೆ 1,400, 2 ಇಂಚಿಗೆ 2,900. ಅಂದರೆ ನಿಮ್ಮ ನೀರು ಅರ್ಧಕ್ಕಿಂತ ಕೆಳಗೆ ಇಳಿದಿದೆ. ಇಂಚು ಬಿಟ್ಟುಬಿಡಿ. 200 ಲೀಟರಿನ ಡ್ರಮ್ಮು ಇಡಿ, ಮೋಟರು ಎರಡು ಗಂಟೆ ಓಡಿದ ಮೇಲೆ ತುಂಬಲು ಎಷ್ಟು ನಿಮಿಷ ಎಂದು ನೋಡಿ. ಶುರುವಿನ ಅರ್ಧ ಗಂಟೆಯ ನೀರು ಬೋರಿನ ಕೊಳವೆಯಲ್ಲಿ ರಾತ್ರಿಯಿಡೀ ನಿಂತದ್ದು, ಅದನ್ನು ಎಣಿಸಬೇಡಿ. ಎಂಟೂವರೆ ನಿಮಿಷಕ್ಕೆ ತುಂಬಿದರೆ ಗಂಟೆಗೆ 1,400 ಲೀಟರ್. ಪ್ರತಿ ತಿಂಗಳು ಒಂದೇ ತಾರೀಖಿಗೆ ಅಳೆದು ಬರೆದಿಡಿ.

7 ಗಂಟೆ ತ್ರೀ ಫೇಸ್ ಸಿಕ್ಕಿತು ಎಂದುಕೊಂಡರೆ ದಿನಕ್ಕೆ 9,800 ಲೀಟರ್. ನಿಮ್ಮ 1,620 ಗಿಡಕ್ಕೆ ಹಂಚಿದರೆ ಗಿಡಕ್ಕೆ 6 ಲೀಟರ್. ಇದು ಸಾಯಲೂ ಬಿಡದ, ಬದುಕಲೂ ಬಿಡದ ನೀರು. ನಾಲ್ಕು ವರ್ಷದ ಗಿಡಕ್ಕೆ 15 ಲೀಟರಾದರೂ ಬೇಕು. ಅಡಿಕೆ ಫಸಲಿಗೆ ಬರುವುದು ಐದರಿಂದ ಏಳನೇ ವರ್ಷಕ್ಕೆ. ಈ ಹೊತ್ತಿನಲ್ಲಿ ಬಾಯಾರಿದ ಗಿಡ ಸೊರಗಿ, ಗೆಣ್ಣು ಹತ್ತಿರ ಹತ್ತಿರ ಬಂದು, ಆಮೇಲೆ ಎಷ್ಟೇ ನೀರು ಕೊಟ್ಟರೂ ಮೊದಲಿನ ಕಸುವಿಗೆ ಮರಳುವುದು ಕಷ್ಟ. ಟ್ಯಾಂಕರಿನಲ್ಲಿ ತುಂಬಿಸುತ್ತೇನೆ ಎಂದರೆ, 15 ಲೀಟರಿನ ಲೆಕ್ಕಕ್ಕೆ ದಿನಕ್ಕೆ 14,500 ಲೀಟರ್ ಕೊರತೆ, ಮೂರು ಟ್ಯಾಂಕರು, 2,100 ರೂಪಾಯಿ. ಎರಡು ತಿಂಗಳಿಗೆ 1 ಲಕ್ಷ 26 ಸಾವಿರ, ಒಂದು ಗೊನೆಯೂ ಇಲ್ಲದ ತೋಟಕ್ಕೆ.

900 ಅಡಿಯ ಬೋರ್ ಬೇಡ ಎಂದೇ ನಾನು ಹೇಳುವುದು. ಆಳಕ್ಕೆ ಹೋದಷ್ಟೂ ನೀರು ಎಂಬುದು ನಮ್ಮ ಗಟ್ಟಿ ಬಂಡೆಯ ಸೀಮೆಗೆ ಹೊಂದುವ ಮಾತಲ್ಲ. ಇಲ್ಲಿ ನೀರು ಇರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆಳ ಹೆಚ್ಚಿದಂತೆ ಮೇಲಿನ ಬಂಡೆಯ ಭಾರಕ್ಕೆ ಬಿರುಕು ಬಿಗಿಯುತ್ತದೆ, ವಿರಳವಾಗುತ್ತದೆ. 800 ಅಡಿಯಲ್ಲಿ ಸಿಕ್ಕಿದ ನೀರು ಬಹಳ ಸಲ ಹಳೆಯ ಸಂಗ್ರಹ. ಮೊದಲ ವರ್ಷ ಚಿಮ್ಮಿ, ಮರುಪೂರಣ ಆಗುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಬೋರಿನ ಜಾಗ ತೋರಿಸುವವರ ತೆಂಗಿನಕಾಯಿ ಅಂಗೈಯಲ್ಲಿ ಎದ್ದು ನಿಂತಿತು, ಬೇವಿನ ಕವಲು ತಿರುಗಿತು ಎಂಬುದಕ್ಕೆ ಆಧಾರವಿಲ್ಲ. ನೆಲಕ್ಕೆ ವಿದ್ಯುತ್ ಹರಿಸಿ ನೋಡುವ ಯಂತ್ರದ ರೆಸಿಸ್ಟಿವಿಟಿ ಪರೀಕ್ಷೆ ಬಿರುಕು ಎಲ್ಲಿರಬಹುದು ಎಂದು ಹೇಳೀತು, ಅದರಲ್ಲಿ ನೀರು ಉಳಿದಿದೆಯೇ ಎಂಬ ಖಾತ್ರಿ ಕೊಡದು. ಅವೆರಡಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ. ಸುತ್ತಲಿನ ಐದು ಬೋರುಗಳ ಮಾಲೀಕರನ್ನು ಕೇಳಿ: ಎಷ್ಟು ಅಡಿಗೆ ನೀರು ಸಿಕ್ಕಿತು, ಎರಡು ವರ್ಷದ ನಂತರ ಎಷ್ಟು ಉಳಿಯಿತು. ಐದರಲ್ಲಿ ಮೂರು ಬತ್ತಿದ್ದರೆ ನಿಮ್ಮದು ಆರನೆಯದು ಅಷ್ಟೇ. ಅಂತರ್ಜಲ ಅತಿ ಬಳಕೆಯೆಂದು ಅಧಿಸೂಚಿತವಾದ ತಾಲ್ಲೂಕಿನಲ್ಲಿ ಹೊಸ ಬೋರಿಗೆ ಅನುಮತಿಯೂ ಬೇಕು, ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ. ಆಳದ ನೀರನ್ನು ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಆ 4 ಲಕ್ಷವೂ ನೂರಕ್ಕೆ ಮೂರರ ಬಡ್ಡಿಗೇ ಬಂದರೆ ತಿಂಗಳಿಗೆ 12,000 ಬಡ್ಡಿ, ಈಗಿನ 6,000ದ ಮೇಲೆ. ಕಾಯುವ ಶಕ್ತಿಯನ್ನು ತಿನ್ನುವುದು ಬರಕ್ಕಿಂತ ಮೊದಲು ಈ ಬಡ್ಡಿಯೇ.

ಹಾಗಾದರೆ ತೋಟ ಕಡಿಯುವುದೋ? ಪೂರ್ತಿ ಬೇಡ. 9,800 ಲೀಟರಿಗೆ 15ರಂತೆ 650 ಗಿಡ ಬದುಕುತ್ತವೆ, ಅದೂ ಡ್ರಿಪ್ ಸೋರದಿದ್ದರೆ. ಒಂದು ಎಕರೆ ಉಳಿಸಿಕೊಳ್ಳಿ, 540 ಗಿಡ. ಬೋರಿಗೆ ಹತ್ತಿರದ ಎಕರೆಯನ್ನೇ ಎಂದೇನಿಲ್ಲ. ಹೊಲದ ತಗ್ಗು ಕಡೆ, ಬದುವಿನ ಕೆಳಗೆ, ಮಣ್ಣು ಮೂರು ಅಡಿಗಿಂತ ಆಳ ಇರುವ ಕಡೆ, ಕಾಂಡ ದಪ್ಪವಾಗಿ ಸಮನಾಗಿ ಬೆಳೆದ ಗಿಡಗಳಿರುವ ಎಕರೆ. ಮರ ದೊಡ್ಡದಾಗಿ 20 ಲೀಟರ್ ಕೇಳುವ ಹೊತ್ತಿಗೆ ಇದೇ ಬೋರ್ 490ಕ್ಕೆ ಸಾಲುತ್ತದೆ, ಆಗ ಮುಂದೆ ಹೇಳುವ ಹೊಂಡ ಬೇಕೇ ಬೇಕು. ನಡುವೆ ಬಾಳೆ ಇದ್ದರೆ ತೆಗೆಯಿರಿ, ಅದು ಅಡಿಕೆಯ ಪಾಲು ಕುಡಿಯುತ್ತದೆ. ಗಿಡದ ಬುಡಕ್ಕೆ ಮೂರಡಿ ಸುತ್ತ ಸೋಗೆ, ರಾಗಿ ಹುಲ್ಲು, ಶೇಂಗಾ ಸಿಪ್ಪೆ ಅರ್ಧ ಅಡಿ ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ. ನೈಋತ್ಯದ ಬಿಸಿಲು ಬೀಳುವ ಕಾಂಡಕ್ಕೆ ಸುಣ್ಣ ಬಳಿಯಿರಿ, ಇಲ್ಲವೇ ಸೋಗೆ ಕಟ್ಟಿ. ಅಲ್ಲಿ ಕಾಂಡ ಸುಟ್ಟರೆ ಮುಂದೆ ಅದೇ ಜಾಗದಲ್ಲಿ ಸೀಳಿ ಮುರಿಯುತ್ತದೆ.

ಉಳಿದ 2 ಎಕರೆಗೆ ನೀರು ನಿಲ್ಲಿಸಿ. ಹೀಗೆ ಬರೆಯುವುದು ಸುಲಭ, ನಿಲ್ಲಿಸುವ ಕೈಗೆ ಸುಲಭವಲ್ಲ ಎಂದು ಗೊತ್ತು. ಮಳೆಗೆ ಬದುಕಿದ್ದು ಬದುಕಲಿ, ಸಾಲುಗಳ ನಡುವೆ ಮುಂಗಾರಿಗೆ ರಾಗಿ, ತೊಗರಿ, ಹಿಂಗಾರಿಗೆ ಹುರುಳಿ. ಬದುವಿನ ಮೇಲೆ ಹುಣಸೆ, ನೇರಳೆ, ಸೀತಾಫಲ. ನಾಲ್ಕು ಕುರಿ. ಡ್ರಿಪ್ಪಿನ ಮುಖ್ಯ ಪೈಪನ್ನು ಮಾತ್ರ ಕೀಳಬೇಡಿ, ತುದಿಗೆ ಮುಚ್ಚಳ ಹಾಕಿ ಹಾಗೇ ಬಿಡಿ. ಕಾಲುವೆ ನೀರು ಬಂದ ದಿನ ಈ 2 ಎಕರೆಗೆ ಅರೆನೀರಾವರಿ ಬೆಳೆಗೆ ಅದೇ ಪೈಪು ಸಾಕು. ಇದನ್ನು ತಂದೆಯವರಿಗೆ ತೋರಿಸಿ. ನೀವು ಆಸೆ ಬಿಟ್ಟಿಲ್ಲ ಎಂಬುದು ಅವರಿಗೆ ಮಾತಿಗಿಂತ ಆ ಪೈಪಿನಲ್ಲಿ ಅರ್ಥವಾದೀತು.

ಬೋರಿಗೆ ಹಾಕಬೇಕೆಂದಿದ್ದ ಹಣದ ಒಂದು ಪಾಲಿಗೆ ಕೃಷಿ ಹೊಂಡ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಬದಿಗಳಿಗೆ ಒಂದು ಮೀಟರ್ ಆಳಕ್ಕೆ ಒಂದು ಮೀಟರಿನಂತೆ ಇಳಿಜಾರು ಬಿಟ್ಟರೆ 9.8 ಲಕ್ಷ ಲೀಟರ್ ಹಿಡಿಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದು ಅದರ ಹತ್ತನೇ ಒಂದು ಭಾಗ ಹರಿದು ಬಂದರೆ ನಿಮ್ಮ 4 ಎಕರೆಯಿಂದಲೇ 9.7 ಲಕ್ಷ ಲೀಟರ್. ಕೆಂಪು ಮಣ್ಣಿನಲ್ಲಿ ಪ್ಲಾಸ್ಟಿಕ್ ಹಾಸದೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ ತುಂಬಿದ ಹೊಂಡದಿಂದ 2,600 ಲೀಟರ್ ಹೋಗುತ್ತದೆ, ಮೇಲೆ ನೆರಳು ಪರದೆ ಇದ್ದರೆ ಒಳ್ಳೆಯದು. ಎಲ್ಲ ಕಳೆದು 6.5 ಲಕ್ಷ ಉಳಿದರೂ ಬೋರ್ ಪೂರ್ತಿ ನಿಂತ ಪಕ್ಷದಲ್ಲಿ ಆ ಒಂದು ಎಕರೆಯನ್ನು 80 ದಿನ ಕಾಪಾಡುತ್ತದೆ, ಮಾರ್ಚಿನಿಂದ ಮೇ ಮಧ್ಯದವರೆಗೆ. ನೀರು ಒಳಬರುವ ಬಾಯಿಗೆ ಹೂಳು ಇಳಿಯುವ ಗುಂಡಿ ಮಾಡದಿದ್ದರೆ ಮೂರು ಮಳೆಗಾಲಕ್ಕೆ ಅಡಿ ಎತ್ತರ ಹೂಳು. ಸುತ್ತ ತಂತಿಬೇಲಿ, ಒಳಗೆ ಗಂಟು ಹಾಕಿದ ಹಗ್ಗ, ಒಂದು ಟಯರು ಇರಲೇಬೇಕು. ಪ್ಲಾಸ್ಟಿಕ್ ಹೊಂಡಕ್ಕೆ ಜಾರಿದ ಮಗುವಾಗಲಿ ದೊಡ್ಡವರಾಗಲಿ ಹತ್ತಿ ಬರಲಾರರು. ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಸಹಾಯಧನ ಈ ವರ್ಷ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಆದರೆ ಅದಕ್ಕಾಗಿ ಮತ್ತೆರಡು ವರ್ಷ ಕಾಯಬೇಡಿ.

ಇರುವ ಬೋರಿಗೂ ಮಳೆನೀರು ಇಳಿಸಬಹುದು. ಬೋರಿನ ಹೊರಕೊಳವೆ, ಅಂದರೆ ಕೇಸಿಂಗ್ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ. ಗುಂಡಿಯೊಳಗೆ ಕಾಣುವ ಕೇಸಿಂಗಿನ ಕೆಳಗಿನ ಮೂರಡಿಗೆ ಸಣ್ಣ ರಂಧ್ರ, ಅದರ ಮೇಲೆ ಎರಡು ಸುತ್ತು ನೈಲಾನ್ ಜಾಲರಿ. ತಳದಲ್ಲಿ ದಪ್ಪ ಕಲ್ಲು, ಆಮೇಲೆ 40 ಮಿಲಿಮೀಟರ್ ಜಲ್ಲಿ, 20ರ ಜಲ್ಲಿ, ಜಾಲರಿ, ಮೇಲೆ ಒಂದೂವರೆ ಅಡಿ ಮರಳು. ಹೂಳು ತಿಳಿಯಾದ ನೀರು ಮಾತ್ರ ಒಳಗೆ ಹೋಗಬೇಕು. ಕೆಂಪು ನೀರನ್ನು ನೇರ ಬಿಟ್ಟರೆ ಬಿರುಕುಗಳೇ ಕಟ್ಟಿಕೊಂಡು ಇದ್ದ ಬೋರೂ ಹೋಗುತ್ತದೆ. ಕೊಟ್ಟಿಗೆ, ಔಷಧಿ ಹೊಡೆದ ಹೊಲದ ನೀರು ಬೇಡ. ಎರಡು ವರ್ಷಕ್ಕೊಮ್ಮೆ ಮರಳು ತೆಗೆದು ತೊಳೆಯಬೇಕು, ಹೆಚ್ಚಿನವರು ಬಿಡುವುದು ಇದನ್ನೇ. ಇದರಿಂದ 2 ಇಂಚು ಮರಳಿ ಬರುತ್ತದೆ ಎಂದು ಭಾವಿಸಬೇಡಿ. ಇಳಿಯುವ ವೇಗ ತಗ್ಗಿದರೆ ಅದೇ ದೊಡ್ಡದು. ಕೆರೆ ಕಟ್ಟಿಸಿದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ, 'ಮಾಡಿದಷ್ಟು ನೀಡು ಭಿಕ್ಷೆ'. ಗುಂಡಿಗೂ ಅದೇ ಲೆಕ್ಕ.

ಸಾಲದ ವಿಚಾರ ಚಿಕ್ಕದಾಗಿ. ಮೊದಲು ತೀರಬೇಕಾದ್ದು ಕೈಸಾಲ, ಬೋರಿಗಿಂತ ಮೊದಲು, ಹೊಂಡಕ್ಕಿಂತಲೂ ಮೊದಲು. ಸಂಘದ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿ ನವೀಕರಿಸಿದರಷ್ಟೇ ಬಡ್ಡಿ ರಿಯಾಯಿತಿ. ಬರ ಘೋಷಣೆಯಾದ ವರ್ಷ ಸಾಲದ ಅವಧಿ ಬದಲಿಸಿಕೊಡುವಂತೆ ಅರ್ಜಿ ಕೊಡಬಹುದು, ಆದರೆ ಕೇಳಿದವರಿಗಷ್ಟೇ ಸಿಗುತ್ತದೆ. ಅಡಿಕೆಗೆ ಹವಾಮಾನ ಆಧಾರಿತ ವಿಮೆಯಿದೆ, ರೈತರ ಪಾಲು ಶೇಕಡಾ 5. ಕಾಲುವೆ ಬಂದರೆ ಬೆಲೆ ಏರುತ್ತದೆ ಎಂಬ ಗಾಳಿಮಾತಿಗೆ ಜಮೀನು ಮಾರುವುದನ್ನು ನಿಲ್ಲಿಸುವುದೂ ತಪ್ಪು, ಬರುವುದೇ ಇಲ್ಲ ಎಂಬ ಬೇಸರಕ್ಕೆ ಮಾರುವುದೂ ತಪ್ಪು. ಬೆಂಗಳೂರಿಗೆ ಹೋಗುವುದಾದರೆ ಒಬ್ಬರು, ಜನವರಿಯಿಂದ ಮೇವರೆಗೆ, ಕೈಸಾಲ ತೀರುವ ತನಕ. ಅದು ಸೋಲಲ್ಲ, ಕಾಯುವುದಕ್ಕೆ ಬೇಕಾದ ಬಂಡವಾಳ.

ನಿದ್ದೆ ಬರುತ್ತಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಎರಡು ವಾರ ಮೀರಿದ್ದರೆ, ಊಟ ಸೇರದಿದ್ದರೆ, ಇದ್ದು ಏನು ಪ್ರಯೋಜನ ಎಂಬ ಯೋಚನೆ ಬಂದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎನ್ನುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೋರಿನವನಿಗೆ ಮಾಡುವ ಕರೆಗಿಂತ ಇದನ್ನು ಮೊದಲು ಮಾಡಿ.

ಡ್ರಮ್ಮಿನ ಲೆಕ್ಕಕ್ಕೆ ಮರಳುತ್ತೇನೆ. ಮುಂದಿನ ಶಿವರಾತ್ರಿಯ ಹೊತ್ತಿಗೆ 200 ಲೀಟರ್ ತುಂಬಲು 12 ನಿಮಿಷ ಬೇಕಾದರೆ, ದಿನಕ್ಕೆ 7,000 ಲೀಟರಿಗೆ ಇಳಿದಿದ್ದೀರಿ ಎಂದರ್ಥ. ಆಗ ಉಳಿಸಿಕೊಂಡ ಎಕರೆಯಲ್ಲೂ ಎತ್ತರದ ಕಡೆಯ ಮೂರು ನಾಲ್ಕು ಸಾಲು ಬಿಡಬೇಕಾಗುತ್ತದೆ. ಆ ಸಾಲುಗಳು ಯಾವುವು ಎಂದು ಬೇಸಿಗೆಯ ಗಾಬರಿಯಲ್ಲಿ ಆರಿಸಬೇಡಿ. ಈ ವಾರವೇ ಒಂದು ಸಂಜೆ ತಂದೆಯವರನ್ನು ಕರೆದುಕೊಂಡು ತೋಟದಲ್ಲಿ ನಡೆಯಿರಿ, ಅವರೇ ಗಿಡ ತೋರಿಸಲಿ, ನೀವು ಸುಣ್ಣದ ಗುರುತು ಹಾಕುತ್ತಾ ಬನ್ನಿ.